ಕರೆಂಟ್ ಹೋದರೆ ನಗುತ್ತಿದ್ದವಳು

ಕರೆಂಟ್ ಹೋದರೆ ನಗುವವಳನ್ನು ನಾನು ನೋಡಿದ್ದು ಒಬ್ಬಳನ್ನೇ. ಸಂಜೆ ಕರೆಂಟ್ ಹೋಯಿತೆಂದರೆ ಮಡತ್ತುಕುಳಂನ ನಮ್ಮ ಬೀದಿಯುದ್ದಕ್ಕೂ "ಅಯ್ಯಯ್ಯೋ" ಏಳುತ್ತಿತ್ತು. ಹಿಟ್ಟಿನ ಗಿರಣಿಯವನು ಸರ್ಕಾರವನ್ನು ಬೈಯುತ್ತಿದ್ದ. ಎದುರುಮನೆಯ ಅಜ್ಜಿ ಧಾರಾವಾಹಿಯ ಸೊಸೆಯ ಗತಿ ಏನಾಯಿತೋ ಎಂದು ಬಾಗಿಲಿಗೆ ಬಂದು ಲೈಟುಕಂಬವನ್ನೇ ನೋಡುತ್ತಿದ್ದರು. ಮಹಡಿಯ ಮೇಲೆ ನಾನು ಒಂದು ಟಾರ್ಚನ್ನು ಹುಡುಕುವುದಕ್ಕೆ ಇನ್ನೊಂದು ಟಾರ್ಚನ್ನು ಹುಡುಕುತ್ತಿದ್ದೆ. ಕೆಳಗೆ ಬ್ರೌಸಿಂಗ್ ಸೆಂಟರಿನಲ್ಲಿ ಮಾತ್ರ ಸೌಡು ಚಪ್ಪಾಳೆ ತಟ್ಟಿ ನಗುತ್ತಿದ್ದಳು. "ಈಗ ಕೇಳ್ತಾಳೆ, ಈಗ ಕೇಳ್ತಾಳೆ! ಎಲ್ರೂ ನೆನಪಿಟ್ಕೊಂಡಿರಿಂಗ!"

ಸೌಡು ಎಂದರೆ ಸೌಡೇಶ್ವರಿ, ನಾನು ಬಾಡಿಗೆಗಿದ್ದ ಮನೆಯವರ ಮಗಳು. ಯಾವ ಕಾಲದಲ್ಲೋ ಕನ್ನಡದ ಸೀಮೆಯಿಂದ ಹೋಗಿ ನೆಲೆನಿಂತ ನೇಯ್ಗೆಯ ಮನೆತನ ಅವರದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡದ ಬಾಲಕ್ಕೆಲ್ಲ ಕೊಯಮತ್ತೂರು ಕಡೆಯ ಮರ್ಯಾದೆಯ "ಂಗ" ಅಂಟಿಕೊಂಡಿರುತ್ತಿತ್ತು: ಬನ್ನಿಂಗ, ಕೂತ್ಕೊಳಿಂಗ, ಭಯಪಡಬೇಡಿಂಗ. ಕೊನೆಯದನ್ನು ನನ್ನಷ್ಟು ಸಲ ಕೇಳಿಸಿಕೊಂಡವರು ಆ ಜಿಲ್ಲೆಯಲ್ಲಿ ಇರಲಾರರು. ಎರಡು ಸಾವಿರದ ಎಂಟರ ಆಸುಪಾಸಿನಲ್ಲಿ ಬ್ಯಾಂಕಿನ ಕೆಲಸಕ್ಕೆಂದು ತಿಪಟೂರಿನಿಂದ ಒಬ್ಬಳೇ ಅಲ್ಲಿಗೆ ಹೋಗಿದ್ದೆ. ಬ್ಯಾಂಕು ನನಗೆ ಆಮೇಲೆ ಸಿಕ್ಕ ಉದ್ಯೋಗ. ಚಿಂತೆ ಹುಟ್ಟಿನಿಂದ ಬಂದದ್ದು. ಗ್ಯಾಸ್ ಆರಿಸಿದೆನೇ, ಬೀಗ ಹಾಕಿದೆನೇ, ಹಾಕಿದ್ದು ನಮ್ಮ ಮನೆಯ ಬಾಗಿಲಿಗೇ ತಾನೇ. ಇದರ ಲೆಕ್ಕವೆಲ್ಲ ನನ್ನ ಉಗುರಿನ ಮೇಲೆ ಬೀಳುತ್ತಿತ್ತು. ಕಚ್ಚಿ ಕಚ್ಚಿ ಹತ್ತು ಬೆರಳಿನಲ್ಲಿ ಒಂದಕ್ಕೂ ನೆಟ್ಟಗೆ ಉಗುರಿರಲಿಲ್ಲ.

ಸೌಡುಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಡಿಪ್ಲೊಮಾ ಮುಗಿಸಿ, ಮನೆಯ ಮುಂಭಾಗದ ಕೋಣೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದಳು. ಕಡ್ಡಿಯಂಥ ಹುಡುಗಿ. ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತು, ಹುರಿದ ಕಡಲೆಕಾಯಿ ಬಿಡಿಸುತ್ತ ಕೆಲಸ ಮಾಡುವಳು. ಕೀಬೋರ್ಡ್ ತಲೆಕೆಳಗು ಮಾಡಿದರೆ ಒಂದು ಹಿಡಿ ಸಿಪ್ಪೆ ಉದುರುತ್ತಿತ್ತು. ಕಂಪ್ಯೂಟರನ್ನು ಹಸುವಿನ ಹಾಗೆ ಬೆನ್ನು ತಟ್ಟಿ ಎಬ್ಬಿಸುವಳು: "ಏಳು ಕಣ್ಣು, ಎದ್ದೇಳು. ಅಕ್ಕ ನೋಡ್ತಾವ್ರೆ, ಮಾನ ಕಳೀಬೇಡ." ಕಣ್ಣು ಎಂದರೆ ಆ ಕಡೆ ಚಿನ್ನ, ಬಂಗಾರ ಎಂದ ಹಾಗೆ. ನಾನು ಯಾವ ಚಿಂತೆ ತಂದರೂ ಅವಳಲ್ಲಿ ಒಂದೇ ಉತ್ತರ, ಅದೂ ತಮಿಳಿನಲ್ಲಿ: "ಪಾತ್ತುಕ್ಕಲಾಂಗ." ನೋಡಿಕೊಳ್ಳೋಣ, ಅಷ್ಟೆ. ನನ್ನಂಥವರಿಗೆ ಅದು ಉತ್ತರವಲ್ಲ, ಹೊಸ ಚಿಂತೆ.

ಆ ಸೆಂಟರಿನಲ್ಲಿ ಗಿರಾಕಿಗಳಿಲ್ಲದ ಹೊತ್ತೆಲ್ಲ ಅವಳೊಂದು ಆಟ ಕಟ್ಟುತ್ತಿದ್ದಳು. "ಓದೋ ಆಟ" ಎಂದು ಅವಳು ಕರೆಯುತ್ತಿದ್ದಳು. ಜಪಾನಿನದೊಂದನ್ನು ಎಲ್ಲಿಂದಲೋ ಇಳಿಸಿಕೊಂಡು ನೋಡಿದ್ದಳಂತೆ. ಅಂಥವಕ್ಕೆ ವಿಷುಯಲ್ ನಾವೆಲ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಗುಂಡು ಹೊಡೆಯುವುದಿಲ್ಲ, ಕಾರು ಓಡಿಸುವುದಿಲ್ಲ. ಪರದೆಯ ಮೇಲೆ ಚಿತ್ರ ಬರುತ್ತದೆ, ಕೆಳಗೆ ಮಾತು ಬರುತ್ತದೆ, ನಡುನಡುವೆ "ಏನು ಹೇಳುತ್ತೀ?" ಎಂದು ಕೇಳುತ್ತದೆ. ನೀವು ಆರಿಸಿದ ಉತ್ತರದಂತೆ ಕತೆ ಮುಂದಕ್ಕೆ ಹೋಗುತ್ತದೆ.

ಅವಳ ಕತೆಯ ಹುಡುಗಿ ಭವಾನಿ, ಹದಿನಾರು ವರ್ಷ. ಬೆಳಕಿನ ಹತ್ತಿರ ಹತ್ತಿರದ ವೇಗದಲ್ಲಿ ಓಡುವ ಹಡಗು ಹತ್ತಿ ನಕ್ಷತ್ರದ ಕಡೆಗೆ ಹೊರಟಿದ್ದಾಳೆ. ಆಡುವವರು ಅವಳ ಗೆಳತಿ. ಅಮರಾವತಿ ಹೊಳೆಯ ದಂಡೆಯ ಒಂದು ಶೆಡ್ಡಿನಲ್ಲಿ ಮೈಕು ಹಿಡಿದು ಕೂತು ಅವಳೊಂದಿಗೆ ಮಾತಾಡಬೇಕು. ಗೆಳತಿಯ ಮುಖ ಕಾಣುವುದಿಲ್ಲ, ಮೈಕು ಹಿಡಿದ ಕೈ ಮಾತ್ರ ಪರದೆಯ ಕೆಳಗೆ ಕಾಣುತ್ತದೆ. ಅಷ್ಟು ವೇಗದಲ್ಲಿ ಹೋಗುವವರಿಗೆ ವಯಸ್ಸಾಗುವುದು ನಿಧಾನವಂತೆ. ಭವಾನಿ ಹದಿನಾರರಲ್ಲೇ ಇರುತ್ತಾಳೆ, ನೆಲದ ಮೇಲಿನವರು ಮುದುಕರಾಗುತ್ತಾರೆ.

ಮಾತೆಲ್ಲ ತಮಿಳಿನಲ್ಲಿ. ಭವಾನಿಗೆ ಭಯವಾದಾಗ ಮಾತ್ರ ಮನೆಯ ಕನ್ನಡ, ಅದೂ ತಮಿಳು ಅಕ್ಷರದಲ್ಲಿ. ಸೌಡುಗೆ ಕನ್ನಡದ ಲಿಪಿ ಬರುತ್ತಿರಲಿಲ್ಲ. ನಾನು ಕಲಿಸುತ್ತೇನೆ ಎಂದೆ. "ಬೇಡಿಂಗ ಅಕ್ಕಾ, ನಮ್ಮನೆ ಕನ್ನಡಕ್ಕೆ ಈ ಬಟ್ಟೇನೇ ಒಪ್ತದೆ" ಎಂದಳು. ತಮಿಳು ಮಕ್ಕಳಿಗೆ ಹೇಗೆ ತಿಳಿಯಬೇಕು ಎಂದು ಚಿಂತೆ ಮಾಡಿದೆ. "ಕೇಳಿ ತಿಳ್ಕೊಳ್ಳಲಿ. ಅಷ್ಟು ದೂರ ಹೋದೋಳು ಭಯ ಬಿದ್ರೆ, ಎಲ್ಲಾರಿಗೂ ಅರ್ಥ ಆಗೋ ಹಂಗೆ ನಿಧಾನಕ್ಕೆ ಮಾತಾಡ್ತಾಳೇನಕ್ಕಾ?"

ಇನ್ನು ಕರೆಂಟಿನ ವಿಷಯ. ಆ ವರ್ಷಗಳಲ್ಲಿ ಅದು ಹೋಗುತ್ತಲೇ ಇತ್ತು. ಮೊದಮೊದಲು ಬರೆದ ಚಿತ್ರ ಅರ್ಧದಲ್ಲಿ ಅಳಿಸಿಹೋಗಿ ಸೌಡು ಅತ್ತದ್ದೂ ಉಂಟು. ಒಂದು ದಿನ ಕಣ್ಣೊರೆಸಿಕೊಂಡು ಮಹಡಿ ಹತ್ತಿ ಬಂದು, "ಅಕ್ಕಾ, ಕರೆಂಟ್ ಹೋಗ್ತದೆ ಅಂತ ಆಟಕ್ಕೇ ಗೊತ್ತಾಗ್ಬೇಕು" ಎಂದಳು. ಅಲ್ಲಿಂದ ಆಟ ಬದಲಾಯಿತು. ಸರಿಯಾಗಿ ಮುಚ್ಚದೆ ಕಂಪ್ಯೂಟರ್ ನಿಂತುಹೋದರೆ ಆಟ ಅದನ್ನು ಕಂಡುಕೊಳ್ಳುತ್ತಿತ್ತು. ಭವಾನಿಯ ಲೆಕ್ಕದಲ್ಲಿ ಅದು ಸಂಪರ್ಕ ಕಡಿದುಹೋದ ಹೊತ್ತು. ಮತ್ತೆ ಹೊತ್ತಿಸಿದಾಗ ಅವಳು ಕೇಳುವಳು: "ಎಲ್ಲಿ ಹೋಗಿದ್ದೆ? ಇಲ್ಲಿ ಒಂದು ಗಳಿಗೆ. ಅಲ್ಲಿ ಎಷ್ಟು ವರ್ಷ ಆಯ್ತು? ನಾನು ನೆನಪಿದೀನಾ?" ಆಮೇಲೆ ಒಂದು ಪರೀಕ್ಷೆ, ಹಿಂದೆ ಆಡಿದ ಮಾತಿನ ಮೇಲೆ. ನೆನಪಿದ್ದರೆ ಕತೆ ನಿಂತಲ್ಲಿಂದ ಸಾಗುತ್ತದೆ. ಮರೆತಿದ್ದರೆ, "ಪರವಾಯಿಲ್ಲ, ನೀನು ಹೊಸಬಳು" ಎಂದು ಮೊದಲಿಂದ ಶುರು. ಒಂದು ಸಲ ಕರೆಂಟ್ ಹೋದರೆ ಭೂಮಿಯ ಮೇಲೆ ಇಪ್ಪತ್ತು ವರ್ಷ. ಮೈಕು ಹಿಡಿದ ಕೈಗೂ ಅಷ್ಟು ವಯಸ್ಸು.

ಬೀದಿಯ ಮಕ್ಕಳೆಲ್ಲ ಕರೆಂಟ್ ಹೋಗುವುದನ್ನೇ ಕಾಯತೊಡಗಿದರು. ನಾನೂ ಆಡುತ್ತಿದ್ದೆ, ನನ್ನ ಜಾಯಮಾನದಂತೆ. ಕರೆಂಟ್ ಹೋಗುವ ಹೊತ್ತು ಗೊತ್ತಿತ್ತಲ್ಲ, ಅದಕ್ಕೆ ಹತ್ತು ನಿಮಿಷ ಮೊದಲೇ ಆಟವನ್ನು ಕ್ರಮವಾಗಿ ಮುಚ್ಚಿ, ಕಂಪ್ಯೂಟರ್ ಆರಿಸಿ, ಪ್ಲಗ್ಗು ತೆಗೆದು, ಮೇಲೆ ಬಟ್ಟೆ ಹೊದಿಸಿ ಎದ್ದುಬಿಡುವೆ. ಸೌಡು ಹಣೆ ಚಚ್ಚಿಕೊಳ್ಳುತ್ತಿದ್ದಳು. "ಅಕ್ಕಾ, ನಿಮ್ಮ ಹತ್ರ ಅವಳಿಗೆ ಒಂದು ಮಾತು ಕೇಳಕ್ಕೂ ಆಗ್ತಿಲ್ಲಿಂಗ."

ಅವಳ ಅಪ್ಪ ಹಿಂದಿನ ಕೋಣೆಯಲ್ಲಿ ಇನ್ನೂ ಕುಳಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಾತು ಕಡಿಮೆ. ಮಗಳ ಆಟಕ್ಕೆ "ಬೊಂಬೆ" ಎಂದಷ್ಟೇ ಹೆಸರು. ಭವಾನಿಯ ಹಡಗಿನ ಒಳಗನ್ನು ಸೌಡು ಆ ಮಗ್ಗದ ಹಾಗೇ ಬರೆದಿದ್ದಳು. ಓಡಿಸುವವಳು ಕುಳಿಯೊಳಗೆ ಕಾಲಿಳಿಸಿ ಕೂತು, ತುಳಿಯುತ್ತ ಹೋಗಬೇಕು. ಒಂದು ಸಂಜೆ ಅವರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. "ಎಡಗಾಲು ಮೊದಲು ತುಳೀಬೇಕು. ನೀನು ಬಲಗಾಲು ಬರ್ದಿದೀಯ" ಎಂದು ಹೇಳಿ ಹೋದರು. ಸೌಡು ಅಂದೇ ಕೂತು ಕಾಲು ಬದಲಾಯಿಸಿದಳು. ಅಷ್ಟು ಹಿಗ್ಗಿದ ಮುಖವನ್ನು ನಾನು ಮದುವೆಮನೆಗಳಲ್ಲೂ ಕಂಡಿಲ್ಲ.

ಆದರೆ ಕರೆಂಟಿಲ್ಲದ ಊರಿನಲ್ಲಿ ಬ್ರೌಸಿಂಗ್ ಸೆಂಟರ್ ಎಷ್ಟು ದಿನ ನಡೆದೀತು? ಅಪ್ಪ ಒಂದು ತೀರ್ಮಾನಕ್ಕೆ ಬಂದರು. ಕೊಯಮತ್ತೂರಿನ ಗಾಂಧಿಪುರಂನಲ್ಲಿ ಮಕ್ಕಳಿಗೆ ಕತೆ ಸಿ.ಡಿ. ಮಾಡುವ ಒಂದು ಸಣ್ಣ ಕಂಪನಿ ಸೌಡುವನ್ನು ಆಟದ ಸಮೇತ ಬಂದು ತೋರಿಸಲು ಹೇಳಿತ್ತು. ಅವರು ಸರಿ ಎಂದರೆ ಸರಿ. ಇಲ್ಲವಾದರೆ ಕಂಪ್ಯೂಟರೆಲ್ಲ ಮಾರಿ, ತಿರುಪ್ಪೂರಿನಲ್ಲಿ ಚಿಕ್ಕಪ್ಪ ಮೇಸ್ತ್ರಿಯಾಗಿರುವ ಬನಿಯನ್ ಕಂಪನಿಯಲ್ಲಿ ಬಟ್ಟೆ ಚೆಕಿಂಗಿಗೆ ಸೇರಬೇಕು. "ಒಂದೇ ಸಲ. ಆಮೇಲೆ ಬೊಂಬೆ ಮಾತು ಎತ್ತಬಾರದು" ಎಂದರು. ನನ್ನ ಕಡೆ ತಿರುಗಿ, "ಅಮ್ಮಣಿ, ನೀವು ಜೊತೇಲಿ ಹೋಗ್ಬನ್ನಿಂಗ. ನೀವು ಹುಷಾರು" ಎಂದರು. ನನ್ನ ಪುಕ್ಕಲುತನಕ್ಕೆ ಅಂಥ ಮರ್ಯಾದೆ ಅದುವರೆಗೆ ಸಿಕ್ಕಿರಲಿಲ್ಲ.

ಸಿ.ಪಿ.ಯು.ವನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ರಸ್ತೆಯ ಒಂದೊಂದು ಗುಂಡಿಗೂ ಒಳಗೆ ಏನೋ ಸಡಿಲವಾದಂತೆ ಎದೆ ಧಸಕ್ಕೆನ್ನುತ್ತಿತ್ತು. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮಾ ಅದು, ಟಿ.ವಿ.ಯಾ?" ಎಂದ.

"ರಾಕೆಟ್ಟುಂಗ ಅಣ್ಣಾ" ಎಂದಳು ಸೌಡು.

"ಮತ್ತೆ ಬಸ್ ಯಾಕೆ ಹತ್ತಿದಿರಿ? ಅದರಲ್ಲೇ ಹೋಗೋದಲ್ವಾ?"

"ಪೊಳ್ಳಾಚೀಲಿ ನಿಲ್ಸಲ್ವಂತಣ್ಣಾ ಅದು."

ಇಡೀ ಬಸ್ಸು ನಕ್ಕಿತು. ನಾನು ಮಾತ್ರ ಪೊಳ್ಳಾಚಿ ದಾಟಿ, ಕೊಯಮತ್ತೂರಿನ ಉಕ್ಕಡಂ ಕೆರೆ ಕಂಡು, ಮೀನು ಮಾರುಕಟ್ಟೆಯ ವಾಸನೆ ಮೂಗಿಗೆ ಬಡಿಯುವವರೆಗೂ ಉಸಿರು ಬಿಗಿಹಿಡಿದೇ ಕೂತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹಿಡಿಯುವಾಗ, "ಅಲ್ಲಿ ಕರೆಂಟ್ ಹೋದರೆ ಏನೇ ಮಾಡ್ತೀಯ?" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಹೋಗದಿದ್ರೆ ಏನ್ ಮಾಡೋದು ಅಂತ ನಾನು ಯೋಚಿಸ್ತಿದೀನಿಂಗ."

ಹೋಗುವ ಹಾಗಿರಲಿಲ್ಲ. ಆಫೀಸಿನ ಮೂಲೆಯಲ್ಲಿ ಒಂದು ದೊಡ್ಡ ಯು.ಪಿ.ಎಸ್. ಗುಯ್ ಎನ್ನುತ್ತಿತ್ತು. ಅದನ್ನು ಕಂಡು ನನಗೆ ದೇವರನ್ನೇ ಕಂಡಷ್ಟು ಸಮಾಧಾನವಾಯಿತು. ಯಜಮಾನರು ಕನ್ನಡಕ ತಲೆಗೇರಿಸಿಕೊಂಡ ನಡುವಯಸ್ಸಿನವರು. ಅವರ ಟೇಬಲ್ಲಿನ ಪರದೆಗೆ ನಮ್ಮ ಸಿ.ಪಿ.ಯು. ಜೋಡಿಸಿ, ಸೌಡು ಅವರನ್ನೇ ಮುಂದೆ ಕೂರಿಸಿದಳು. ಅವರು ಮೌಸ್ ಒತ್ತುತ್ತ ಹೋದರು. ಕಣ್ಣು ಅರ್ಧ ಗಡಿಯಾರದ ಮೇಲೆ.

"ಹಡಗಿಗೆ ತುಳಿಯೋದು ಯಾಕಮ್ಮಾ?" ಎಂದರು ತಮಿಳಿನಲ್ಲಿ.

"ನಮ್ಮಪ್ಪ ಹಂಗೇ ಓಡಿಸ್ತಾರೆ ಸಾರ್."

"ಈ ಕೈ ಯಾರದು? ಉಗುರೇ ಇಲ್ಲ!"

ಸೌಡು ನನ್ನತ್ತ ಬೆರಳು ತೋರಿಸಿದಳು. ಅಲ್ಲಿದ್ದವರೆಲ್ಲ ತಿರುಗಿ ನನ್ನ ಕೈ ನೋಡಿದರು. ನಾನು ಎರಡನ್ನೂ ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಇಷ್ಟು ತಿಂಗಳು ಆ ಮೈಕು ಹಿಡಿದದ್ದು ನಾನೇ ಎಂದು ನನಗೆ ತಿಳಿದದ್ದು ಆಗಲೇ.

ಯಜಮಾನರು ಹಿಂದಕ್ಕೆ ಒರಗಿದರು. "ಚಿತ್ರ ಚೆನ್ನಾಗಿದೆ. ಆದರೆ ಓದೋ ಆಟವನ್ನ ಯಾರು ಕೊಳ್ಳುತ್ತಾರೆ? ಬೇರೆ ಯಾವಾಗಲಾದರೂ..." ಎನ್ನುತ್ತ ಕೈ ಎತ್ತಿದರು. ತಿರುಪ್ಪೂರಿನ ಬನಿಯನ್ ರಾಶಿ ನನ್ನ ಕಣ್ಣ ಮುಂದೆ ಬಂತು. ಸೌಡು ಯು.ಪಿ.ಎಸ್. ಕಡೆ ಒಂದು ಸಲ ನೋಡಿದಳು. ಆಮೇಲೆ ಟೇಬಲ್ಲಿನ ಕೆಳಗೆ ಬಗ್ಗಿ, ಸಿ.ಪಿ.ಯು.ವಿನ ವೈರನ್ನು ಕಿತ್ತುಬಿಟ್ಟಳು.

"ಏಯ್! ಎನ್ನಮ್ಮಾ ಇದು!" ಯಜಮಾನರು ಎದ್ದು ನಿಂತರು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ; ಕೂಗಿರಬೇಕು.

"ನಮ್ಮೂರಲ್ಲಿ ಹೋಗ್ತದೆ ಸಾರ್" ಎಂದಳು ಸೌಡು, ವೈರ್ ಮತ್ತೆ ಚುಚ್ಚುತ್ತ. "ನಿಮ್ಮಲ್ಲಿ ಹೋಗಲ್ಲ. ಅದು ಹೋಗದಿದ್ರೆ ಈ ಕತೆ ಕಾಣಲ್ಲ. ಒಂದು ನಿಮಿಷ ಕೂತ್ಕೊಳಿಂಗ." ಪೆಟ್ಟಿಗೆಯ ಬೆನ್ನು ತಟ್ಟಿದಳು. "ಏಳು ಕಣ್ಣು."

ಅದು ಏಳುವುದಕ್ಕೆ ತೆಗೆದುಕೊಂಡ ಸಮಯದಲ್ಲಿ ನಾನು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಮುಗಿಸಿದೆ. ಎದ್ದಿತು. ಕಪ್ಪು ಪರದೆ, ಆಮೇಲೆ ಭವಾನಿಯ ಮುಖ. ಎಲ್ಲಿ ಹೋಗಿದ್ದೆ, ಅಲ್ಲಿ ಎಷ್ಟು ವರ್ಷ ಆಯ್ತು, ನಾನು ನೆನಪಿದೀನಾ. ಭಯದ ಹೊತ್ತು, ಹಾಗಾಗಿ ಕನ್ನಡ. ಸೌಡು ತಮಿಳಿನಲ್ಲಿ ಅರ್ಥ ಹೇಳಿದಳು. ಯಜಮಾನರು ಮೆಲ್ಲಗೆ ಕೂತರು. ಪರೀಕ್ಷೆ ಬಂತು: "ಹೊಳೆ ದಂಡೆ ಮರಳಲ್ಲಿ ಇಬ್ರೂ ಏನು ಹೂತಿಟ್ಟು ಬಂದ್ವಿ?" ಗೋಲಿ, ಬಳೆಚೂರು, ಹುಣಿಸೆಬೀಜ. ಅವರು ಗಡಿಯಾರ ನೋಡುತ್ತ ದಾಟಿಸಿದ್ದ ಮಾತು ಅದು. ಮೌಸು ಗೋಲಿಯ ಮೇಲೂ ಬಳೆಚೂರಿನ ಮೇಲೂ ತೂಗಾಡಿತು.

"ಹುಣಿಸೆಬೀಜ!" ಎಂದು ಯಾರೋ ಕಿರುಚಿದರು. ನಾನೇ.

ಅವರು ಹುಣಿಸೆಬೀಜ ಒತ್ತಿದರು. ಭವಾನಿಯ ಮುಖ ಅರಳಿತು. "ನೀನೇ! ಹೋಗೋಣ." ಕೆಳಗಿನ ಕೈಯನ್ನು ಅವರು ಬಗ್ಗಿ ನೋಡಿದರು. ಅದೇ ಕೈಗೆ ನಾಲ್ಕು ಗೆರೆ ಎಳೆದಿತ್ತು. "ಇದು ವಯಸ್ಸಾದ ಕೈ ಅಲ್ಲಮ್ಮಾ, ಗೆರೆ ಎಳೆದ ಕೈ."

"ಆಮಾ ಸಾರ್. ಅಕ್ಕಂಗೆ ಇನ್ನೂ ವಯಸ್ಸಾಗಿಲ್ಲ, ಅವರ ಮುದಿ ಕೈ ನೋಡಿ ಬರೆಯಕ್ಕೆ ಸಿಗಲ್ಲ. ಬರೀತೀನಿ."

ಅವರು ನಕ್ಕುಬಿಟ್ಟರು. "ಏನೇನೋ ತೋರಿಸೋಕೆ ಬಂದಿದಾರೆ ಇಲ್ಲಿಗೆ. ತಾನು ತಂದದ್ದರ ವೈರನ್ನ ತಾನೇ ಕಿತ್ತವಳು ನೀನೊಬ್ಬಳೇ. ಸೋಮವಾರ ಬಾ. ನಮ್ಮ ವೈರ್ ಮುಟ್ಟಬೇಡ."

"ಸಂಜೆ ಮೇಲೆ ಇದನ್ನ ಇಲ್ಲೇ ಕೂತು ಮುಗಿಸ್ತೀನಿ. ಒಪ್ಪಿಗೆಯಾ ಸಾರ್?" ಕೆಲಸ ಸಿಕ್ಕ ಅರೆಕ್ಷಣದಲ್ಲಿ ಚೌಕಾಸಿಗಿಳಿದಿದ್ದಳು. ಅವರು ಒಪ್ಪಿದರು.

ಮನೆಗೆ ಬಂದಾಗ ಅಪ್ಪ ಮಗ್ಗದಲ್ಲಿದ್ದರು. ಮಗಳನ್ನು ಬಿಟ್ಟು ನನ್ನನ್ನು ಕೇಳಿದರು: "ಏನಂದ್ರುಂಗ ಅಮ್ಮಣಿ?" ಹೇಳಿದೆ. ಒಂದು ಎಳೆ ಸರಿಮಾಡಿಕೊಂಡರು. "ಕಾಲು ನೋಡಿದ್ರಾ?"

"ನೋಡಿದರು. ಕೇಳಿದರು. ನಮ್ಮಪ್ಪ ಹೀಗೇ ಓಡಿಸ್ತಾರೆ ಅಂದಳು."

ಅವರು ಎಡಗಾಲು ತುಳಿದು ನೇಯ್ಗೆ ಮುಂದುವರಿಸಿದರು. ಆ ಸಂಜೆ ಕರೆಂಟ್ ಹೋದಾಗ ಹಿಂದಿನ ಕೋಣೆಯಿಂದಲೂ ಒಂದು ಚಪ್ಪಾಳೆ ಕೇಳಿಸಿತೆಂದು ನಾನು ಇವತ್ತಿಗೂ ಸಾಧಿಸುತ್ತೇನೆ.

ಸೌಡುವನ್ನು ಕೊನೆಯದಾಗಿ ನೋಡಿದ್ದು ಉಕ್ಕಡಂನಲ್ಲಿ. ನನಗೆ ವಾಪಸ್ ಕರ್ನಾಟಕಕ್ಕೆ ವರ್ಗವಾಗಿತ್ತು. ಆಫೀಸಿನಿಂದ ಓಡೋಡಿ ಬಂದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೈಯಲ್ಲಿ ಮುಗಿದ ಆಟದ ಸಿ.ಡಿ., ಚೂಡಿದಾರದ ತುಂಬ ಕಡಲೆಕಾಯಿ ಸಿಪ್ಪೆ. "ನೀವು ಕ್ರಮವಾಗೇ ಆಡ್ತೀರಿ, ಗೊತ್ತುಂಗ" ಎಂದಳು. "ಆದ್ರೂ ಒಂದು ಸಲ, ಒಂದೇ ಒಂದು ಸಲ, ವೈರ್ ಎಳೀರಿಂಗ ಅಕ್ಕಾ. ನಿಮಗೆ ಅಂತ ಒಂದು ಇಟ್ಟಿದೀನಿ ಅಲ್ಲಿ."

"ಕಂಪ್ಯೂಟರ್ ಕೆಟ್ಟುಹೋದರೆ?"

"ಪಾತ್ತುಕ್ಕಲಾಂಗ."

ಆಮೇಲೆ ಕಂಪನಿ ಮುಚ್ಚಿತಂತೆ, ಅವಳು ಬೇರೆ ಊರಿಗೆ ಹೋದಳಂತೆ, ನಂಬರುಗಳು ಬದಲಾದವು. ಎಲ್ಲಿದ್ದಾಳೋ ತಿಳಿಯದು. ನಾನು ಯಾರ ಬಗ್ಗೆ ಬೇಕಾದರೂ ಚಿಂತೆ ಮಾಡಬಲ್ಲೆ. ಸೌಡು ವಿಷಯದಲ್ಲಿ ಮಾತ್ರ ನನಗದು ಸಾಧ್ಯವಾಗಿಲ್ಲ. ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆಲ್ಲ ಅವಳ ಕತೆ ಹೇಳಿದ್ದೇನೆ. ನಾನು ಹುಣಿಸೆಬೀಜ ಎಂದು ಕಿರುಚಿದ್ದನ್ನು ಸೇರಿಸಿಯೇ.

ಮಡತ್ತುಕುಳಂನಲ್ಲಿ ಅವಳೇ ಆರಿಸಿ ಕೊಡಿಸಿದ್ದ ಕಂಪ್ಯೂಟರ್ ನನ್ನಲ್ಲಿ ಇನ್ನೂ ಇದೆ, ಮೇಲೆ ಬಟ್ಟೆ ಹೊದ್ದು. ಇಷ್ಟು ವರ್ಷ ಆಗೊಮ್ಮೆ ಈಗೊಮ್ಮೆ ಆಟ ತೆರೆದು, ಕ್ರಮವಾಗಿ ಮುಚ್ಚುತ್ತ ಬಂದಿದ್ದೆ. ಹಾಗಾಗಿ ಮೈಕು ಹಿಡಿದ ಕೈಗೆ ವಯಸ್ಸೇ ಆಗಿರಲಿಲ್ಲ. ಕಳೆದ ಭಾನುವಾರ, ಏನನ್ನಿಸಿತೋ, ಭವಾನಿ ಮಾತಾಡುತ್ತಿದ್ದಾಗಲೇ ಕಣ್ಣು ಮುಚ್ಚಿ ವೈರ್ ಎಳೆದುಬಿಟ್ಟೆ. ಮತ್ತೆ ಚುಚ್ಚಿ, ಬೆನ್ನು ತಟ್ಟಿ, "ಏಳು ಕಣ್ಣು" ಎಂದೆ.

ಎದ್ದಿತು. ತಮಿಳು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಿದೆ: "ಎಲ್ಲಿ ಹೋಗಿದ್ದೆ? ಇಲ್ಲಿ ಒಂದು ಗಳಿಗೆ. ಅಲ್ಲಿ ಎಷ್ಟು ವರ್ಷ ಆಯ್ತು?" ಹದಿನಾರರ ಮುಖ, ಒಂದು ಕೂದಲೂ ಆಚೀಚೆ ಆಗಿಲ್ಲ. ಕೆಳಗೆ ಮೈಕು ಹಿಡಿದ ಕೈ. ಗೆರೆ ಎಳೆದದ್ದಲ್ಲ ಈ ಸಲ. ನರ ಉಬ್ಬಿ, ಬೆರಳಿನ ಗೆಣ್ಣು ದಪ್ಪವಾಗಿ, ಮುಂಗೈಯ ಚರ್ಮ ಸಡಿಲಗೊಂಡು, ನನ್ನ ಈಗಿನ ಕೈಯನ್ನು ನನಗಿಂತ ಮೊದಲೇ ನೋಡಿಬಿಟ್ಟಿದ್ದಳು ಸೌಡು. ಉಗುರುಗಳನ್ನು ಹಾಗೆಯೇ ಕಚ್ಚಿಟ್ಟಿದ್ದಳು. ಅವು ಬೆಳೆಯುತ್ತವೆಂಬ ನಂಬಿಕೆ ಅವಳಿಗೂ ಇದ್ದಂತಿಲ್ಲ.

ನನ್ನ ಕೈಯನ್ನು ಪರದೆಯ ಪಕ್ಕ ಹಿಡಿದು ನೋಡಿದೆ. ಆಮೇಲೆ ಆ ಕೈಯಿಂದಲೇ ಹುಣಿಸೆಬೀಜ ಒತ್ತಿದೆ.

"ನೀನೇ!" ಎಂದಳು ಭವಾನಿ. "ಹೋಗೋಣ."