ವಿಮಾನ ಹತ್ತಿಸುವ ತನಕದ ಆಣೆ

ಕೋವಿಡ್ ಗದ್ದಲ ಅಡಗಿ ಒಂದೆರಡು ವರ್ಷವಾಗಿತ್ತು. ಜಮಖಂಡಿಯಲ್ಲಿ ಒಂದು ಬೇಕರಿಯ ಮಾಳಿಗೆಯ ಮೇಲೆ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದೆ. ಮಾಲೀಕ, ಪ್ರಿನ್ಸಿಪಾಲ, ಕಸ ಗುಡಿಸುವವ ಎಲ್ಲ ನಾನೇ ಆದ್ದರಿಂದ ಸಿಬ್ಬಂದಿಯಲ್ಲಿ ಒಗ್ಗಟ್ಟಿತ್ತು. ಪಾಠಕ್ಕಿಂತ ಮಿಮಿಕ್ರಿಗೆ ನನ್ನ ಹೆಸರು ಹೆಚ್ಚು. ಮುಧೋಳ ಬಸ್ಸಿನ ಕಂಡಕ್ಟರ್, ಬೀಳಗಿಯ ಒಬ್ಬ ವಕೀಲರು, ಬನಹಟ್ಟಿಯ ಸೀರೆ ಸಾಹುಕಾರರು, ಎಲ್ಲರ ದನಿಯೂ ನನ್ನ ಗಂಟಲಿನಲ್ಲಿ ಬಾಡಿಗೆಗಿತ್ತು. ಇಂಗ್ಲಿಷ್ ಮಾತಾಡುವಾಗಲೂ ನಾನು ಟಿವಿ ಸುದ್ದಿಯವನ ನಕಲೇ. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೂ ಗೊತ್ತಿಲ್ಲ.

ಕ್ಲಾಸಿನ ಜೊತೆಗೆ ಇನ್ನೊಂದು ಕಸುಬು ತಾನಾಗಿಯೇ ಅಂಟಿಕೊಂಡಿತ್ತು. ಹೊರದೇಶಕ್ಕೆ ಹೊರಟವರ ನೌಕರಿ ಕರಾರುಪತ್ರ, ಅಂದರೆ ಕಾಂಟ್ರ್ಯಾಕ್ಟ್, ಓದಿ ಅದರಲ್ಲಿ ಏನಿದೆ ಏನಿಲ್ಲ ಎಂದು ಕನ್ನಡದಲ್ಲಿ ಹೇಳುವುದು. ಕೂತು ಓದುವ ಈ ಕೆಲಸದಲ್ಲಿ ನನ್ನ ಮುಂದಿನ ಹಲ್ಲೊಂದು ಹೋಗಿದೆ. ಹೋದದ್ದು ಹೇಗೆಂದು ಹೇಳುತ್ತೇನೆ.

ಆ ಕರಾರುಪತ್ರ ತಂದವಳು ರೇಣುಕಾ. ಹಿಪ್ಪರಗಿ ಕಡೆಯವಳು, ಹಿಂದೆ ಬರೀ ಕುರಿ, ಈಗ ಕುರಿಯ ಜೊತೆಗೆ ಕಬ್ಬೂ ಇರುವ ಮನೆತನ. ಬಿ.ಎಡ್. ಮುಗಿಸಿ ನನ್ನ ಬಳಿ ಕಲಿತು, ನನ್ನ ಉಚ್ಚಾರದಲ್ಲೇ ತಪ್ಪು ಹುಡುಕುವಷ್ಟು ಬೆಳೆದಿದ್ದಳು. ವಿಯೆಟ್ನಾಂನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ, ಮುಂದಿನ ವಾರ ವಿಮಾನ ಎಂದಳು. ಕಾಗದವನ್ನು ಮೇಜಿನ ಮೇಲೆ ಇಡುವಷ್ಟರಲ್ಲಿ ಅವಳ ಅಣ್ಣ ಸಿದ್ದಪ್ಪ ಧಡಧಡ ಮೆಟ್ಟಿಲೇರಿ ಬಂದು ನನ್ನ ಕಾಲರಿಗೆ ಕೈ ಹಾಕಿದ.

"ಏ ಮಾಸ್ತರ, ನೌಕರಿ ಕೊಡಸಿದ ನಮ್ಮ ಮಾವ ಭಂಡಾರ ಹಿಡದು ಮಾತು ಕೊಟ್ಟಾನ. ಅದರ ಮ್ಯಾಗ ನಿಂದೇನಲೇ ಓದೂದು?"

ಭಂಡಾರವೆಂದರೆ ಅವರ ಮನೆದೇವರು ಬೀರೇಶ್ವರನ ಅರಿಶಿನ ಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತಿಗೆ ಅವರ ಮನೆಗಳಲ್ಲಿ ಎರಡನೆಯ ಮಾತಿಲ್ಲ. ಕುರಿ ವ್ಯಾಪಾರ, ಹೊಲದ ಬದು, ಹೆಣ್ಣು ಕೊಡುವುದು, ಎಲ್ಲ ಅದರ ಮೇಲೆಯೇ ತೀರ್ಮಾನ. ಕಾಗದವೆಂದರೆ ಸರಕಾರಕ್ಕೆ ತೋರಿಸುವ ಶಾಸ್ತ್ರ.

ಸಿದ್ದಪ್ಪ ನನ್ನನ್ನು ಹುಣಸೆಗಿಡ ಅಲುಗಿಸಿದಂತೆ ಅಲುಗಿಸಿದ. ಉದುರಿದ್ದು ಅಂಗಿಯ ಗುಂಡಿಗಳು. ನನ್ನ ತಲೆ ಬೋರ್ಡಿಗೆ ಬಡಿಯಿತು. ರೇಣುಕಾ ನಡುವೆ ನುಗ್ಗಿ ಅವನ ಎದೆಗೆ ಕೈ ಕೊಟ್ಟು ದಬ್ಬಿದಳು.

"ಬಿಡಣ್ಣಾ! ಹೋಗಾಕಿ ನಾನು. ಓದಸಾಕಿನೂ ನಾನ."

ಅವನನ್ನು ಹೊರಗೆ ನಿಲ್ಲಿಸಿ ಓದಿದೆ. ಎಲ್ಲರೂ ಮೊದಲು ಸಂಬಳದ ಪುಟ ನೋಡುತ್ತಾರೆ, ಅದು ಛಲೋ ಇತ್ತು. ಶಾಲೆಯ ಹೆಸರು ಎಲ್ಲಿಯೂ ಇರಲಿಲ್ಲ, 'ಸಂಸ್ಥೆ' ಎಂದಷ್ಟೇ ಇತ್ತು. ಪ್ರವಾಸಿ ವೀಸಾದ ಮೇಲೆ ಹೋಗಬೇಕು. ವರ್ಕ್ ಪರ್ಮಿಟ್, ಅಂದರೆ ಆ ದೇಶದ ಕೆಲಸದ ಪರವಾನಗಿ, ಹೋದ ಮೇಲೆ. ಬೇರೆ ಯಾವ ದೇಶದ ಘಟಕಕ್ಕಾದರೂ ಸಂಸ್ಥೆ ಅವಳನ್ನು ಕಳಿಸಬಹುದು. ಪಾಠದ ಜೊತೆಗೆ 'ಗ್ರಾಹಕರೊಂದಿಗೆ ಆನ್‌ಲೈನ್ ಸಂಭಾಷಣೆ'. ಪಾಸ್‌ಪೋರ್ಟ್ ಸಂಸ್ಥೆಯ ಸುಪರ್ದಿನಲ್ಲಿ. ಒಪ್ಪಿಗೆ ಇಲ್ಲದೆ ಆವರಣ ಬಿಡುವಂತಿಲ್ಲ. ಎರಡನೆಯ ತರಗತಿ ಕೂಸಿಗೆ ಎಬಿಸಿಡಿ ಕಲಿಸುವವಳನ್ನು ಕೂಡಿಹಾಕುವ ಗರಜು ಯಾರಿಗಿರುತ್ತದೆ?

"ಸರ್, ನಾ ಹೇಳಿದ್ರ ಹೋಗಾಕ ಅಂಜ್ಯಾಳ ಅಂತಾರ. ನೀವ ಬಂದು ಅವ್ವಗ ಹೇಳ್ರಿ," ಎಂದಳು ರೇಣುಕಾ.

ಮರುದಿನ ಮುಂಜಾನೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಕಂಬಳಿ ಹಾಸಿದ್ದರು. ತಾಯಿ ಲಕ್ಕವ್ವ, ಸಿದ್ದಪ್ಪ, ರೇಣುಕಾ, ಮತ್ತು ಆಣೆ ಮಾಡಿದ ಮಾವ ಯಲ್ಲಪ್ಪ. ಲಕ್ಕವ್ವನ ದೂರದ ತಮ್ಮನಾದ ಈತ ಮುಧೋಳದಲ್ಲಿ ಹೊರದೇಶಕ್ಕೆ ಜನ ಕಳಿಸುವ ಏಜೆಂಟ. ಇಸ್ತ್ರಿ ಅಂಗಿ, ತೊಡೆಯ ಮೇಲೆ ಹೆಲ್ಮೆಟ್.

"ಅವ್ವಾರ, ಇವ್ರು ಭಂಡಾರ ಹಿಡದು ಅಂದದ್ದೇನ್ರಿ? ಅಂದಾಂಗ ಹೇಳ್ರಿ," ಎಂದೆ.

ಲಕ್ಕವ್ವ ನೆನಪು ಮಾಡಿಕೊಂಡಳು. "ಅಕ್ಕಾ, ಹುಡುಗೀನ ವಿಮಾನ ಹತ್ತಸೂದು ನನ್ನ ಜಿಮ್ಮಾ ಅಂದ, ಮಾಸ್ತರ."

"ಇಳದ ಮ್ಯಾಲಿಂದು?"

ಲಕ್ಕವ್ವ ತಮ್ಮನ ಕಡೆ ತಿರುಗಿದಳು. ಯಲ್ಲಪ್ಪ ಮೊಬೈಲ್ ನೋಡುತ್ತ, "ಇಳದ ಮ್ಯಾಲ ಕಂಪನಿ ನೋಡಕೋತೈತಿ, ಅಕ್ಕಾ," ಎಂದ.

ಇಲ್ಲಿ ನಾನು ಸುಮ್ಮನೆ ಓದಿದ್ದರೆ ಸಾಕಿತ್ತು. ಆದರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಒಂದೊಂದು ಷರತ್ತನ್ನೂ ಕನ್ನಡಕ್ಕೆ ತಿರುಗಿಸಿ, ಯಲ್ಲಪ್ಪನದೇ ಮೂಗಿನ ದನಿಯಲ್ಲಿ, ಅವನಂತೆಯೇ ಅಂಗಿಯ ತೋಳು ಎಳೆದುಕೊಳ್ಳುತ್ತ ಓದಿದೆ. "ಅಕ್ಕಾ, ನಿನ್ನ ಮಗಳ ಪಾಸ್‌ಪೋರ್ಟ್ ನಾವ ಕಸಗೋತೀವಿ. ಅಕ್ಕಾ, ಆಕೀನ ಯಾವ ದೇಶಕ್ಕ ಬೇಕಾದ್ರೂ ಸಾಗಸತೀವಿ. ಅಕ್ಕಾ, ನಮ್ಮನ್ನ ಕೇಳದ ಆಕಿ ಗೇಟ್ ದಾಟಂಗಿಲ್ಲ."

ಮೊದಲ ಸಾಲಿಗೆ ಸಿದ್ದಪ್ಪನೇ ಗೊಳ್ಳೆಂದು ನಕ್ಕ. ಮೂರನೆಯ ಸಾಲಿಗೆ ಅವನೇ ಮಾವನ ಕಡೆ ತಿರುಗಿ ಕೂತ.

ಲಕ್ಕವ್ವ ಎದ್ದು ದೇವರ ಜಗಲಿಯಿಂದ ಭಂಡಾರದ ಚೀಲ ತಂದಳು. ತಮ್ಮನ ಮುಂದೆ ನಿಂತು, "ಯಲ್ಲಪ್ಪಾ, ಕೈ ಚಾಚು. ಪಾಸ್‌ಪೋರ್ಟ್ ನನ್ನ ಮಗಳ ಕೈಯಾಗ ಇರತೈತಿ ಅನ್ನು. ಅಲ್ಲಿ ಸಾಲಿ ಐತಿ ಅನ್ನು," ಎಂದಳು.

ಕಾಗದದ ಮೇಲೆ ಎಷ್ಟು ಸುಳ್ಳಿಗೂ ಸಹಿ ಹಾಕಿಸಬಲ್ಲ ಆ ಮನುಷ್ಯ ಅರಿಶಿನಕ್ಕೆ ಕೈ ಚಾಚಲಿಲ್ಲ.

"ಯಾಕ ಕೈ ಚಾಚವಲ್ಲಿ ಮಾವ?" ಎಂದ ಸಿದ್ದಪ್ಪ.

ಯಲ್ಲಪ್ಪ ಎದ್ದವನೇ ಹೆಲ್ಮೆಟ್ ಬೀಸಿ ನನ್ನ ಬಾಯಿಗೆ ಹೊಡೆದ. ನಮ್ಮ ಕಡೆ ಹೆಲ್ಮೆಟ್ಟನ್ನು ಯಾರಾದರೂ ಇಷ್ಟು ಮನಸ್ಸಿಟ್ಟು ಬಳಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಾಯಿ ತುಂಬ ಬಿಸಿ ರಕ್ತ. ಹಲ್ಲು ಕಂಬಳಿಯ ಮೇಲೆ ಬಿತ್ತು. ಕೆಳಗೆ ಬಿದ್ದ ನನ್ನ ಪಕ್ಕೆಗೆ ಒದ್ದ, ಮತ್ತೆ ಒದ್ದ. "ಮಂಗ್ಯಾನಂಗ ಅಣಗಸತಿ? ಅಣಗಸಲೇ ಈಗ!" ಅಣಕಿಸಲು ಉಸಿರೇ ಇರಲಿಲ್ಲ.

ಅಷ್ಟರಲ್ಲಿ ಸಿದ್ದಪ್ಪ ಸೂರಿಗೆ ಸಿಕ್ಕಿಸಿದ್ದ ಕೊಯ್ತಾ ಎಳೆದ. ಕಬ್ಬು ಕಡಿಯುವ ಆ ಕತ್ತಿ ಸುಗ್ಗಿಯ ದಿನಗಳಲ್ಲಿ ದಿನಾ ಮಸೆದೇ ಇರುತ್ತದೆ. ಯಲ್ಲಪ್ಪ ಕುರಿ ದಡ್ಡಿಯತ್ತ ಓಡಿದ. ಮೊದಲ ಏಟು ದಡ್ಡಿಯ ಗೂಟಕ್ಕೆ ಬಿತ್ತು, ಎರಡನೆಯದು ಅವನ ಹೆಗಲಿಗೆ. ಇಸ್ತ್ರಿ ಅಂಗಿ ಕೆಂಪಾಯಿತು. ಬೆದರಿದ ಕುರಿಗಳು ಅವನನ್ನು ತುಳಿದುಕೊಂಡು ಹೊರಬಿದ್ದವು. ಮೂರನೆಯ ಏಟಿಗೆ ಸಿದ್ದಪ್ಪ ಎತ್ತಿದ್ದು ಕುತ್ತಿಗೆಯ ಅಂದಾಜಿಗೆ.

ರೇಣುಕಾ ಆ ಕೊಯ್ತಾವನ್ನು ಬರಿಗೈಯಿಂದ ಹಿಡಿದಳು. ಹಿಡಿಯನ್ನಲ್ಲ, ಅಲಗನ್ನು. ಮೊಣಕೈ ತನಕ ರಕ್ತ ಇಳಿದರೂ ಬಿಡಲಿಲ್ಲ.

"ಇವನ್ನ ಕಡದು ನೀ ಜೇಲಿಗಿ ಹೋದಿ ಅಂದ್ರ, ನಾ ಈ ಜನ್ಮದಾಗ ಹೊಸ್ತಿಲ ದಾಟಂಗಿಲ್ಲ. ಮಂದಿ ದಾಟಗೊಡಂಗಿಲ್ಲ. ನನ್ನ ಸಲುವಾಗಿ ಕಡಿಯಾಕತ್ತಿದ್ರ, ನನ್ನ ಸಲುವಾಗಿನ ಕೆಳಗ ಇಡು."

ಸಿದ್ದಪ್ಪನ ಮುಷ್ಟಿ ಸಡಿಲಾಯಿತು. ದಡ್ಡಿಯ ಹಿಕ್ಕೆಯಲ್ಲಿ ಬಿದ್ದಿದ್ದ ಯಲ್ಲಪ್ಪ ಯಾರೂ ಕೇಳದೆಯೇ ಬಾಯಿ ಬಿಟ್ಟ. "ಅಲ್ಲಿ ಸಾಲಿ ಇಲ್ಲ. ಕೋಣ್ಯಾಗ ಕೂಡ್ಸಿ, ಫೋನಿನ್ಯಾಗ ಮಂದಿಗೆ ಮೋಸ ಮಾಡಸತಾರ. ಒಲ್ಲೆ ಅಂದ್ರ ಕರೆಂಟ್ ಹಿಡಸತಾರ. ಹೋದ ತಿಂಗಳ ಒಬ್ಬ ಹುಡುಗ ಅಳಕೋತ ಫೋನ್ ಮಾಡಿದ್ದ." ಲಕ್ಕವ್ವ ಅವನ ಕೆನ್ನೆಗೆ ಬಾರಿಸಿದಳು, ಆಮೇಲೆ ತನ್ನ ಸೆರಗು ಹರಿದು ಅವನ ಹೆಗಲಿಗೆ ಕಟ್ಟಿದಳು.

ಸಿಕ್ಕಿದ್ದು ಮೂರು ಗಾಲಿಯ ಒಂದೇ ಟಂಟಂ ಗಾಡಿ. ಹೊಡೆದವ, ಹೊಡೆಸಿಕೊಂಡವ, ತಡೆದವಳು ಎಲ್ಲ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಜಮಖಂಡಿ ಆಸ್ಪತ್ರೆಗೆ ಬಂದೆವು. ಅಲ್ಲಿಂದ ಪೊಲೀಸ್ ಠಾಣೆ. ಯಲ್ಲಪ್ಪನ ಮೇಲೆ ಒಂದು ಕೇಸು, ಸಿದ್ದಪ್ಪನ ಮೇಲೆ ಒಂದು. ಎರಡೂ ಇನ್ನೂ ನಡೆದಿವೆ. ಫೋನ್ ಮಾಡಿದ್ದ ಆ ಹುಡುಗನ ನಂಬರನ್ನು ಪೊಲೀಸರು ಬರೆದುಕೊಂಡರು. ಅವನು ಮರಳಿದನೋ ಇಲ್ಲವೋ ನನಗೆ ತಿಳಿಯಲಿಲ್ಲ.

ರೇಣುಕಾಳ ಎಡಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಆದರೂ ಹೊರಡುವ ಆಸೆ ಬಿಡಲಿಲ್ಲ. ಮುಂದಿನ ವರ್ಷ ಓಮಾನ್‌ನ ಒಂದು ಶಾಲೆಯಿಂದ ಕರಾರುಪತ್ರ ಬಂತು. ಈ ಸಲ ಓದಿದವಳು ಅವಳು, ಕೇಳಿದವನು ನಾನು. ಸಂಬಳದ ಪುಟ ಬದಿಗಿಟ್ಟು, ಕೆಲಸ ಬಿಟ್ಟು ಬರುವುದು ಹೇಗೆ ಎನ್ನುವ ಕೊನೆಯ ಪುಟದಿಂದ ಶುರು ಮಾಡಿದಳು. ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆಂದು ಶಾಲೆಗೇ ಬರೆದು ಕೇಳಿ, ಉತ್ತರವನ್ನು ಕರಾರಿನಲ್ಲಿ ಸೇರಿಸಿಕೊಂಡಳು. ಅಲ್ಲಿ ಮೊದಲೇ ಇದ್ದ ಇಬ್ಬರು ಶಿಕ್ಷಕಿಯರೊಂದಿಗೆ ಮಾತಾಡಿದಳು. ವೀಸಾ ಕೆಲಸದ್ದೇ ಎಂದು ಖಾತ್ರಿಯಾದ ಮೇಲೆ ಸಹಿ. ಅವಳು ಓದಿದ್ದನ್ನು ಆರಾಮಾಗಿ ಕೂತು ಕೇಳಿದ ನಾನು ಅಂದಿನಿಂದ ಯಾರ ಕಾಂಟ್ರ್ಯಾಕ್ಟ್ ಬಂದರೂ ಕೊನೆಯ ಪುಟವನ್ನೇ ಮೊದಲು ತೆರೆಯುತ್ತೇನೆ. ಒಳಗೆ ಕರೆಯುವ ಮಾತು ಎಲ್ಲ ಕರಾರಿನಲ್ಲೂ ಸಿಹಿಯೇ. ಹೊರಗೆ ಬಿಡುವ ಮಾತಿನಲ್ಲಿ ಧಣಿಯ ನಿಜದ ದನಿ ಕೇಳುತ್ತದೆ.

ಅವಳು ಶಾಲೆಗೆ ಹೋದ ಮೊದಲ ದಿನ ಸಿದ್ದಪ್ಪ ನನ್ನ ಕ್ಲಾಸಿಗೆ ಬಂದು ಕೂತ. ವಿಡಿಯೋ ಕರೆಯಲ್ಲಿ ತಂಗಿಯ ಮುಖ ಕಂಡರೂ ಅವನಿಗೆ ಸಮಾಧಾನವಿಲ್ಲ.

"ನಿನ್ನ ಮಾರಿ ಸಾಕು. ಹುಡುಗೂರನ್ನ ತೋರಸು."

ರೇಣುಕಾ ಫೋನನ್ನು ತರಗತಿಯ ಕಡೆ ತಿರುಗಿಸಿದಳು. ಒಬ್ಬ ಬೆಂಚಿನ ಮೇಲೆ ನಿಂತಿದ್ದ, ಒಬ್ಬಳು ಪಕ್ಕದವಳ ಜಡೆ ಎಳೆಯುತ್ತಿದ್ದಳು, ಉಳಿದವರೆಲ್ಲ ಒಟ್ಟಿಗೆ ಕಿರುಚುತ್ತಿದ್ದರು. ಸಿದ್ದಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಆ ಗದ್ದಲ ಕೇಳಿದ.

"ಖರೇನ ಸಾಲಿ ಐತಿ ಮಾಸ್ತರ," ಎಂದು ಕಣ್ಣು ಒರೆಸಿಕೊಂಡ.