ಒತ್ತಡ ಮೇಲೋ, ಕೆಳಗೋ

ಹಳಿಯಾಳ ರಸ್ತೆಯ ಸಣ್ಣ ಕಾರ್ಖಾನೆಯೊಂದರಲ್ಲಿ ನಮ್ಮ ಪ್ರಯೋಗಾಲಯಕ್ಕೆ ಮೇಡಂ ಮುಖ್ಯಸ್ಥೆ. ಯಾರು ಯಾವ ಸಂಖ್ಯೆ ಹೇಳಿದರೂ ಅಂಗೈ ಅಡ್ಡ ಹಿಡಿಯುತ್ತಿದ್ದರು: "ಯುನಿಟ್ ಹೇಳ್ರಿ ಮೊದಲ." ಮೌಳಂಗಿ ಊರು ಎಷ್ಟು ದೂರ ಎಂದರೆ "ಹತ್ತು" ಎಂದ ಡ್ರೈವರನನ್ನೂ ಬಿಟ್ಟಿರಲಿಲ್ಲ. "ಹತ್ತು ಏನು? ಕಿಲೋಮೀಟರೋ, ಬೀಡಿಯೋ?"

ಆ ಮಧ್ಯಾಹ್ನ ಕೊಳಚೆ ನೀರಿನ ಮುಚ್ಚಿದ ಟ್ಯಾಂಕಿನೊಳಗೆ ಪಂಪು ಕಟ್ಟಿಕೊಂಡಿತ್ತು. ವಿಷಗಾಳಿ ಅಳೆಯುವ ಮೀಟರು ರಿಪೇರಿಗೆ ಹೋಗಿತ್ತು. ನೀರಿನಲ್ಲಿ ಕರಗಿದ ಗ್ಯಾಸಿನಿಂದ ಮೇಲಿನ ಗಾಳಿಯಲ್ಲಿ ಎಷ್ಟಿದೆಯೆಂದು ಲೆಕ್ಕ ಹಾಕಿಕೊಂಡು ಹೊಸ ಎಂಜಿನಿಯರು ಬಂದ. ಗ್ಯಾಸು ನೀರಿಗೂ ಗಾಳಿಗೂ ಹೇಗೆ ಹಂಚಿಹೋಗುತ್ತದೆಂದು ಹೇಳುವ ಹೆನ್ರಿ ಸ್ಥಿರಾಂಕವನ್ನು ಪುಸ್ತಕದಿಂದ ಫೋಟೋ ಹೊಡೆದುಕೊಂಡಿದ್ದ. ಸೊಂಟಕ್ಕೆ ಹಗ್ಗ ಕಟ್ಟಿದ ಕೂಲಿಯವನು ಮುಚ್ಚಳಕ್ಕೆ ಆಗಲೇ ಕೈ ಹಾಕಿದ್ದ.

"ಹೆನ್ರಿ ಸ್ಥಿರಾಂಕ ಭಾಳ ದೊಡ್ಡದೈತ್ರಿ ಮೇಡಂ. ಗ್ಯಾಸ್ ಎಲ್ಲಾ ನೀರಾಗ ಇರ್ತೈತಿ. ಇವನ್ನ ಇಳಿಸೂಣು."

ಅಂಗೈ ಮೇಲೆದ್ದಿತು. "ಯುನಿಟ್?"

"ಅದು ಫೋಟೋದಾಗ ಕಟ್ ಆಗೇತ್ರಿ."

ಮೇಡಂ ಹೋಗಿ ಮುಚ್ಚಳದ ಮೇಲೆಯೇ ನಿಂತುಬಿಟ್ಟರು. "ಒಂದು ಪುಸ್ತಕದಾಗ ಯುನಿಟ್ಟಿನ ಗೆರಿ ಮ್ಯಾಲ ಒತ್ತಡ ಬರೀತಾರ, ಇನ್ನೊಂದರಾಗ ಕೆಳಗ. ಕೆಳಗಿದ್ರ ದೊಡ್ಡ ನಂಬರ್ ಅಂದ್ರ ಗ್ಯಾಸ್ ನೀರಾಗ ಐತಿ. ಮ್ಯಾಲಿದ್ರ ನೀರ ಬಿಟ್ಟು ಗಾಳಿಗೆ ಬಂದೈತಿ. ನಿಮ್ದು ಯಾವ್ದು?"

ಎಂಜಿನಿಯರು ಪುಸ್ತಕ ತರಲು ಓಡಿದ. ಮ್ಯಾನೇಜರು ತಡವಾಯಿತೆಂದು ದೂರದಿಂದಲೇ ಕೂಗಾಡುತ್ತಿದ್ದ. ಮೇಡಂ ಕದಲಲಿಲ್ಲ. ಚಪ್ಪಲಿಯೊಳಗಿನ ಬೆರಳುಗಳು ಮಾತ್ರ ಬಿಗಿದುಕೊಂಡಿದ್ದವು.

ಪುಸ್ತಕ ಬಂತು. ಎಂಜಿನಿಯರನ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಒತ್ತಡ... ಮ್ಯಾಲ ಐತ್ರಿ."

ಕೂಲಿಯವನು ಹಗ್ಗ ಬಿಚ್ಚತೊಡಗಿದ. ಅವರು ಮುಚ್ಚಳದಿಂದ ಇಳಿಯದೆಯೇ ಪುಟ ನೋಡಿದರು, ಫೋಟೋ ನೋಡಿದರು, ಆಮೇಲೆ ಮೆಲ್ಲಗೆ ಅಂದರು: "ನಂಬರ್ ಬರೋಬರಿ ಐತ್ರೀ ನಿಮ್ದು. ಯುನಿಟ್ ಒಂದ ಇರಲಿಲ್ಲ."