ಕಟ್ಟೆಯ ಮೇಲೆ ದೇವರು, ಗೋಡೆಯ ಮೇಲೆ ಮನುಷ್ಯರು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಅರಳಿ ಮರದ ಕಟ್ಟೆಯ ಮುಂದೆ, ಬೀದಿಯವರೆಲ್ಲ ಫೋಟೋ ಅಕ್ಕ ಎಂದು ಕರೆಯುವ ಹೆಂಗಸು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ನಿನ್ನೆ ಸಂಜೆಯಿಂದೀಚೆಗೆ ಕಟ್ಟೆಗೆ ಒಂಬತ್ತು ದೇವರು ಬಂದು ಸೇರಿವೆ. ಮೂರು ಲಕ್ಷ್ಮಿ, ಎರಡು ಗಣಪತಿ, ಗಾಜು ಸೀಳಿದ ಒಬ್ಬ ಕೃಷ್ಣ, ಗೆದ್ದಲು ತಿಂದು ಪಾದವಷ್ಟೇ ಉಳಿದ ಶಿವ, ಒಂದೇ ಚೀಲದಲ್ಲಿ ತುರುಕಿದ ಇಬ್ಬರು ಸರಸ್ವತಿಯರು.

"ಇವತ್ತು ಕಡಿಮೆ," ಅನ್ನುತ್ತಾರೆ ಅಕ್ಕ. "ಮನೆಗೆ ಸುಣ್ಣ ಹೊಡ್ಸೋ ಕಾಲ ಬಂದ್ರೆ ಮೂವತ್ತು, ನಲವತ್ತು ಬರ್ತವೆ. ದೇವರ ತೊಡೆ ಮೇಲೆ ದೇವರು ಕೂತಿರ್ತಾರೆ ನೋಡಿ ಆಗ."

ಗಾಜು ಒಡೆದ ದೇವರ ಪಟವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸದ ಗಾಡಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಜನ ತಂದು ಮರದ ಬುಡದಲ್ಲಿಟ್ಟು, ಕೈಮುಗಿದು, ತಿರುಗಿ ನೋಡದೆ ಹೋಗುತ್ತಾರೆ. ಆಮೇಲೆ ಆ ದೇವರ ಗತಿ ಏನಾಯಿತು ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಹದಿನಾರು ವರ್ಷದಿಂದ ಆ ಕೆಲಸ ಅಕ್ಕನದು.

ಮರದ ಹಿಂದೆ ನೀರಿನ ಪಂಪು ನಿಂತುಹೋದ ಒಂದು ಹಳೆಯ ಕೋಣೆಯಿದೆ. ಅಕ್ಕ ಅಲ್ಲಿ ನೆಲದ ಮೇಲೆ ಟವೆಲ್ ಹಾಸಿ, ಪಟವನ್ನು ಮುಖ ಕೆಳಗೆ ಮಾಡಿ ಮಲಗಿಸುತ್ತಾರೆ. ಮೊಂಡು ಚಾಕುವಿನಿಂದ ಹಿಂದಿನ ಮೊಳೆ ಎಬ್ಬಿಸುತ್ತಾರೆ. ರಟ್ಟು ಒಂದು ಕಡೆ, ಮರದ ಚೌಕಟ್ಟು ಒಂದು ಕಡೆ, ಗಾಜು ಗೋಣಿಚೀಲಕ್ಕೆ. ಅವೆಲ್ಲ ಗುಜರಿ ಅಂಗಡಿಗೆ ಹೋಗುತ್ತವೆ, ಅದರಿಂದಲೇ ಹೊಟ್ಟೆಪಾಡು. ಉಳಿದ ಚಿತ್ರವನ್ನು ಮಾತ್ರ ಹಣೆಗೆ ಒತ್ತಿಕೊಂಡು ನೀಲಿ ಡ್ರಮ್ಮಿನ ನೀರಿನಲ್ಲಿ ಬಿಡುತ್ತಾರೆ. ಮೂರು ದಿನಕ್ಕೆ ಬಣ್ಣ ಬಿಟ್ಟು ಕಾಗದ ಮುದ್ದೆಯಾಗುತ್ತದೆ. ಅದು ಕೋಣೆಯ ಪಕ್ಕದ ದಾಸವಾಳದ ಬುಡಕ್ಕೆ.

"ಮುಖ ಮೇಲಿದ್ರೆ ಮೊಳೆ ಕೀಳಕ್ಕೆ ಕೈ ಬರಲ್ಲ," ಅನ್ನುತ್ತಾರೆ. "ನೋಡ್ತಾ ಇರ್ತಾರಲ್ಲ ಅವ್ರು."

ಶುರುವಾದದ್ದು ಭಕ್ತಿಯಿಂದಲ್ಲ, ಒಲೆಯಿಂದ. ಅಕ್ಕನ ಗಂಡ ಚರಂಡಿ ಸ್ವಚ್ಛ ಮಾಡುವ ಕೆಲಸದವರು. ಹದಿನಾರು ವರ್ಷದ ಹಿಂದೆ ಒಂದು ಗುಂಡಿಗೆ ಇಳಿದವರು ಜೀವಂತವಾಗಿ ಮೇಲೆ ಬರಲಿಲ್ಲ. ಐದು ವರ್ಷದ ಮಗನನ್ನು ಇಟ್ಟುಕೊಂಡು ಅಕ್ಕ ಸೌದೆಗೆ ಅಲೆಯುವಾಗ ಕಣ್ಣಿಗೆ ಬಿದ್ದದ್ದು ಕಟ್ಟೆಯ ಮೇಲಿನ ಪಟಗಳ ಮರದ ಚೌಕಟ್ಟುಗಳು. ಚೌಕಟ್ಟು ಒಲೆಗೆ ಹಾಕಿದರು, ಚಿತ್ರ ಹಾಕಲಾಗಲಿಲ್ಲ. "ಒಂದು ವಾರ ಚಾಪೆ ಕೆಳಗೆ ಇಟ್ಕೊಂಡೆ. ಆಮೇಲೆ ನನ್ನ ಬುದ್ಧಿಗೆ ತೋಚಿದ್ದು ನೀರು."

ಗಂಡನ ಫೋಟೋ ಅವರ ಹತ್ತಿರ ಒಂದೂ ಇಲ್ಲ. ಇದ್ದದ್ದು ಕೆಲಸದ ಗುರುತಿನ ಚೀಟಿಯಲ್ಲಿ ಅಂಟಿಸಿದ್ದ ಉಗುರಿನಷ್ಟು ದೊಡ್ಡದೊಂದು. ಅದನ್ನು ಗುತ್ತಿಗೆದಾರ ವಾಪಸ್ ತೆಗೆದುಕೊಂಡ.

ಕೋಣೆಯ ಒಳಗೋಡೆಯ ಕಥೆ ಇಲ್ಲಿಂದಲೇ ಹೊರಡುತ್ತದೆ. ದೇವರ ಜೊತೆ ಆಗಾಗ ಮನುಷ್ಯರೂ ಬರುತ್ತಾರೆ. ಸತ್ತುಹೋದ ಅಪ್ಪ, ಅಜ್ಜಿ, ದೊಡ್ಡಪ್ಪ, ಯಾರ ಸೊಸೆಯೋ. ಮನೆ ಬದಲಾಯಿಸಿದಾಗ, ಅಣ್ಣ ತಮ್ಮಂದಿರು ಪಾಲಾದಾಗ ಈ ಫೋಟೋಗಳಿಗೆ ಯಾರ ಮನೆಯಲ್ಲೂ ಮೊಳೆ ಸಿಗುವುದಿಲ್ಲ. ಕೆಲವರ ಕೊರಳಲ್ಲಿ ಒಣಗಿದ ಹಾರ ಇನ್ನೂ ಇರುತ್ತದೆ. ಅವರನ್ನು ಅಕ್ಕ ನೀರಿಗೆ ಹಾಕುವುದಿಲ್ಲ, ಕೋಣೆಯ ಗೋಡೆಗೆ ತೂಗುಹಾಕುತ್ತಾರೆ. "ದೇವರು ನೀರಿಗೆ ಹೋದ್ರೆ ಇನ್ನೊಂದು ಪಟದಲ್ಲಿ ಬರ್ತಾನೆ. ಇವರಿಗೆ ಇರೋದೇ ಇದೊಂದು."

ಒಂದೇ ಒಂದು ಸಲ ತಪ್ಪಾಗಿದೆ. ಮೂರು ವರ್ಷದ ಹಿಂದಿನ ಮಾತು. ದೇವರ ಪಟಗಳ ನಡುವೆ ಎದೆಯವರೆಗೆ ಬಿಳಿ ಗಡ್ಡ ಬಿಟ್ಟ, ಹಣೆಗೆ ಗಂಧ ಇಟ್ಟ ಒಬ್ಬ ಹಿರಿಯರಿದ್ದರು. ಯಾರೋ ಸ್ವಾಮಿಗಳು ಎಂದು ಅಕ್ಕ ಅವರನ್ನೂ ಹಣೆಗೊತ್ತಿಕೊಂಡು ಡ್ರಮ್ಮಿಗೆ ಬಿಟ್ಟರು. ಐದನೇ ದಿನ ಶಾಲೆಯ ಟೀಚರಮ್ಮ ಒಬ್ಬರು ಏದುಸಿರು ಬಿಡುತ್ತಾ ಬಂದರು. ಅಣ್ಣಂದಿರು ಮನೆ ಖಾಲಿ ಮಾಡುವಾಗ ಅಪ್ಪನ ಫೋಟೋವನ್ನೂ ದೇವರ ಜೊತೆ ಕಟ್ಟೆಗೆ ಹಾಕಿದ್ದರು. ಬೇರೆ ಪ್ರತಿ ಇರಲಿಲ್ಲ.

"ಸುಳ್ಳು ಹೇಳ್ಬಹುದಿತ್ತು, ನೋಡೇ ಇಲ್ಲ ಅಂತ. ಹೇಳಕ್ಕಾಗ್ಲಿಲ್ಲ. ನೀರಿಗೆ ಹಾಕ್ಬಿಟ್ಟೆ ಕಣಮ್ಮಾ, ಗಡ್ಡ ನೋಡಿ ಸ್ವಾಮಿಗಳು ಅಂದ್ಕೊಂಡೆ ಅಂದೆ."

ಟೀಚರಮ್ಮ ಕಟ್ಟೆಯ ಮೇಲೆ ಕೂತು ಅತ್ತರು. ಅಳುತ್ತಲೇ ನಕ್ಕುಬಿಟ್ಟರು. ಈಗ ನೆನೆಸಿಕೊಂಡರೂ ಅವರಿಗೆ ನಗು ಬರುತ್ತದೆ. "ನಮ್ಮಪ್ಪ ದೇವಸ್ಥಾನದ ಮೆಟ್ಟಿಲು ಹತ್ತಿದೋರೇ ಅಲ್ಲ. ಗಡ್ಡ ಬಿಟ್ಟಿದ್ದು ಸೋಮಾರಿತನಕ್ಕೆ. ಆ ಗಂಧ ಕೂಡ ಸತ್ತ ಮೇಲೆ ನಮ್ಮಣ್ಣ ಗಾಜಿನ ಮೇಲೆ ಹಚ್ಚಿದ್ದು." ಅಂದಿನಿಂದ ಟೀಚರಮ್ಮ ತಿಂಗಳಿಗೊಮ್ಮೆ ಬರುತ್ತಾರೆ. ಓದು ಬರಹ ಬಾರದ ಅಕ್ಕನ ಪರವಾಗಿ ಪ್ರತಿ ಫೋಟೋದ ಹಿಂದೆ ಅದು ಸಿಕ್ಕ ದಿನ ಬರೆಯುತ್ತಾರೆ. ಗಡ್ಡವಿದ್ದವರನ್ನು ಅಕ್ಕ ಅವರಿಗೆ ತೋರಿಸದೆ ಮುಟ್ಟುವುದಿಲ್ಲ.

ಫೋಟೋದ ಹಿಂದೆ ಚೌಕಟ್ಟು ಹಾಕಿದ ಅಂಗಡಿಯ ಮೊಹರು ಸಿಕ್ಕರೆ ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಹೊರಡುತ್ತಾರೆ. ಹಳೆಯ ಅಂಗಡಿಯವರು ಮುಖ ನೋಡಿ ಗಿರಾಕಿಯ ಮನೆ ಹೇಳಿದ್ದುಂಟು. ಹೀಗೆ ಹದಿನಾಲ್ಕು ಜನ ಮನೆಗೆ ಮರಳಿದ್ದಾರೆ. ಎಲ್ಲ ಮನೆಯಲ್ಲೂ ಆದರ ಸಿಗುತ್ತದೆ ಎಂದಲ್ಲ. ಒಂದು ಮನೆಯಲ್ಲಿ ಮಗ ಗೇಟು ತೆಗೆಯದೆ, ಹುಬ್ಬು ಗಂಟಿಕ್ಕಿ, "ಅಲ್ಲೇ ಕಾಂಪೌಂಡ್ ಮೇಲೆ ಇಟ್ಟು ಹೋಗಮ್ಮಾ" ಅಂದ. ಅಕ್ಕ ಯಾವ ಕೇರಿಯವರು ಎಂಬುದು ಅವನಿಗೆ ಗೊತ್ತಿತ್ತು. ಅಕ್ಕ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರು. ಅವನ ಹೆಂಡತಿ ಬಂದು, ಫೋಟೋದ ಮೇಲೆ ನೀರು ಚಿಮುಕಿಸಿ, ಆಮೇಲೆ ಎತ್ತಿಕೊಂಡಳು.

"ನೀರಿಂದ ತಪ್ಪಿಸಿ ತಂದಿದ್ದೆ. ಅವ್ರೇ ಹಾಕಿದ್ರು," ಎಂದು ಅಕ್ಕ ನಗುತ್ತಾರೆ. ಆಮೇಲೆ, "ಬೇಜಾರಾಯ್ತು. ಆಗ್ದೆ ಇರತ್ತಾ?" ಅನ್ನುತ್ತಾರೆ. ಆ ಮನೆಯವರ ಲಕ್ಷ್ಮಿಯೂ ಹಿಂದೆ ಇದೇ ಕಟ್ಟೆಗೆ ಬಂದಿದ್ದಳು. ಅವಳನ್ನು ಎತ್ತಿಕೊಂಡದ್ದೂ ಇದೇ ಕೈ.

ಈಗ ಗೋಡೆಯ ಮೇಲೆ ಮೂವತ್ತೇಳು ಮುಖಗಳಿವೆ. ಅಕ್ಕ ಅವರಿಗೆಲ್ಲ ಹೆಸರಿಟ್ಟಿದ್ದಾರೆ: ಕನ್ನಡಕದಜ್ಜ, ನಗೋ ಚಿಕ್ಕಮ್ಮ, ಪೊಲೀಸಪ್ಪ, ಕಿವಿ ದೊಡ್ಡಪ್ಪ. ಈ ತಿಂಗಳ ಕೊನೆಗೆ ಕೋಣೆ ಬೀಳುತ್ತದೆ, ಆ ಜಾಗದಲ್ಲಿ ಹೊಸ ಟ್ಯಾಂಕು ಬರುತ್ತದೆ. ವಾರ್ಡ್ ಆಫೀಸಿನಿಂದ ಬಂದವರು ಗೋಡೆ ನೋಡಿ, "ಎಲ್ಲ ಒಟ್ಟು ಮಾಡಿಡಮ್ಮಾ, ಕಸದ ಲಾರಿ ಕಳಿಸ್ತೀವಿ" ಎಂದು ಹೇಳಿ ಕೈ ತೊಳೆದುಕೊಂಡಿದ್ದಾರೆ. ಅದಕ್ಕೆ ಉಳಿದಿರುವುದು ಹನ್ನೊಂದು ದಿನ.

ಅಕ್ಕನ ಮನೆ ಒಂದೇ ಕೋಣೆಯದು. ಮಗ, ಹೊಸ ಸೊಸೆ, ಒಂದು ಮಂಚ. ಸೊಸೆ ಒಳ್ಳೆಯವಳೇ, ಆದರೆ ಈ ವಿಷಯದಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ: "ಅತ್ತೆ, ನೀವೆಷ್ಟು ಜನ ನೆಂಟರನ್ನ ಬೇಕಾದ್ರೂ ಕರೀರಿ, ಬೇಯಿಸಿ ಹಾಕ್ತೀನಿ. ಸತ್ತಿರೋ ಮೂವತ್ತೇಳು ಜನದ ಮುಂದೆ ಮಾತ್ರ ನಾನು ಮಲಗಲ್ಲ." ಅವಳ ಮಾತಲ್ಲೂ ನ್ಯಾಯವಿದೆ ಎಂದು ಅಕ್ಕ ಒಪ್ಪುತ್ತಾರೆ. ಟೀಚರಮ್ಮ ತಮ್ಮ ಮೆಟ್ಟಿಲ ಕೆಳಗೆ ಹತ್ತು ಫೋಟೋಗಳಿಗೆ ಜಾಗ ಮಾಡಿದ್ದಾರೆ. ಉಳಿದ ಇಪ್ಪತ್ತೇಳು ಜನರಿಗೆ ಇನ್ನೂ ದಿಕ್ಕಾಗಿಲ್ಲ.

ಬಿಸಿಲು ಕೋಣೆಯ ಬಾಗಿಲವರೆಗೆ ಬಂದಿದೆ. ಪತ್ರಿಕೆಯ ಪುರವಣಿಗಾಗಿ ಬಂದಿರುವ ಛಾಯಾಗ್ರಾಹಕ ಅಕ್ಕನನ್ನು ಗೋಡೆಯ ನಡುವೆ ನಿಲ್ಲಲು ಹೇಳುತ್ತಾನೆ. ಅಕ್ಕ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ನಿಲ್ಲುತ್ತಾರೆ. ಬದುಕಿನಲ್ಲಿ ಇದು ಅವರ ಎರಡನೆಯ ಫೋಟೋ, ಮೊದಲನೆಯದು ರೇಷನ್ ಕಾರ್ಡಿನದು. ಅವನು ಕ್ಯಾಮೆರಾ ಎತ್ತುವಷ್ಟರಲ್ಲಿ ಅಕ್ಕ ಕತ್ತು ತಿರುಗಿಸಿ ಹಿಂದೆ ನೋಡುತ್ತಾರೆ.

"ತಡೀರಿ ಸ್ವಾಮಿ. ಇದು ಪೇಪರಲ್ಲಿ ಬರತ್ತಲ್ವಾ? ಮನೆಮನೆಗೂ ಹೋಗತ್ತಲ್ವಾ?"

ಹೌದು ಅನ್ನುತ್ತಾನೆ.

ಅಕ್ಕ ಗೋಡೆಯಿಂದ ದೂರ ಸರಿಯುತ್ತಾರೆ. ಸಾಲದೆಂದು ಬಾಗಿಲ ಆಚೆಗೇ ಹೋಗಿ ನಿಲ್ಲುತ್ತಾರೆ. ಅವರು ನಿಂತಿದ್ದ ಜಾಗದಲ್ಲಿ ಈಗ ಕನ್ನಡಕದಜ್ಜ ಮತ್ತು ನಗೋ ಚಿಕ್ಕಮ್ಮ ಕಾಣುತ್ತಿದ್ದಾರೆ.

"ನಾನು ಅಡ್ಡ ನಿಂತ್ರೆ ಇವರಿಬ್ರ ಮುಖ ಮುಚ್ಚೋಗತ್ತೆ. ನನ್ನ ಗುರುತು ಹಿಡಿಯಕ್ಕೆ ಮನೇಲಿ ಜನ ಇದಾರೆ. ಹೂಂ, ಈಗ ತೆಗೀರಿ. ಒಬ್ರೂ ಬಿಟ್ಟುಹೋಗ್ಬಾರ್ದು."